ಗೇಟ್ ಕಲೆಕ್ಷನ್ ನಿಂತ ಮೇಲೆ

17 ಆಗಸ್ಟ್ 2021, ಮಂಗಳವಾರ
ಸುಂಟಿಕೊಪ್ಪ

ಸ್ಪೇನಿನ ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ ಲಪೋರ್ಟಾ ನಿನ್ನೆ ಪತ್ರಕರ್ತರ ಮುಂದೆ ಕೂತು ಸಾಲದ ಲೆಕ್ಕ ಬಿಚ್ಚಿಟ್ಟರು. 135 ಕೋಟಿ ಯೂರೋ. ನಮ್ಮ ದುಡ್ಡಲ್ಲಿ 11 ಸಾವಿರ ಕೋಟಿ ರೂಪಾಯಿಗೂ ಮೇಲೆ. ಅದರ ಜೊತೆಗೇ ಇನ್ನೊಂದು ಅಂಕಿ ಹೇಳಿದರು: ಸಂಬಳದ ಖರ್ಚು ಒಟ್ಟು ಆದಾಯದ ಶೇ 103. ನನ್ನನ್ನು ಕಾಡುತ್ತಿರುವುದು ಸಾಲಕ್ಕಿಂತ ಈ 103. ಹಗಲೆಲ್ಲ ತೋಟದವರ, ಅಂಗಡಿಯವರ ಲೆಕ್ಕ ಬರೆಯುವವಳು ನಾನು. ಸಾಲ ಎಷ್ಟೇ ಇರಲಿ, ವರ್ಷಕ್ಕಿಷ್ಟು ಅಂತ ಉಳಿಯುತ್ತಿದ್ದರೆ ತೀರಿಸಬಹುದು. ಬಂದ 100 ರೂಪಾಯಿಯೂ ಸಂಬಳಕ್ಕೆ ಸಾಲದೆ ಮೇಲೆ 3 ರೂಪಾಯಿ ಕಡ ತರಬೇಕಾದರೆ, ಮೈದಾನದ ಹುಲ್ಲಿಗೆ ನೀರು ಬಿಡುವುದೂ ಸಾಲದ ದುಡ್ಡಲ್ಲೇ. ಮಾರ್ಚ್‌ನಲ್ಲಿ ತಾವು ಅಧಿಕಾರ ವಹಿಸಿಕೊಂಡ ಕೂಡಲೇ ಸಂಬಳ ಕೊಡಲಿಕ್ಕೆಂದು 8 ಕೋಟಿ ಯೂರೋ ಸಾಲ ತರಬೇಕಾಯಿತು ಎಂದೂ ಲಪೋರ್ಟಾ ಹೇಳಿದ್ದಾರೆ.

ಮೆಸ್ಸಿ ಹೋದ ವಾರ ಬಾರ್ಸಿಲೋನಾ ಬಿಟ್ಟು ಪ್ಯಾರಿಸ್ಸಿನ ಕ್ಲಬ್ಬಿಗೆ ಹೊರಟಾಗಿನಿಂದ ನಮ್ಮ ಬೀದಿಯ ಹುಡುಗರ ಮುಖ ಸಪ್ಪೆ. ಹಾಕಿ ನಾಡಾದ ಕೊಡಗಿನಲ್ಲಿ ಕಾಲ್ಚೆಂಡನ್ನೂ ಇಷ್ಟು ಹಚ್ಚಿಕೊಂಡ ಊರು ನಮ್ಮದು. ಪಕ್ಕದ ಮನೆಯ ಹುಡುಗ ಸಂಜೆ ಬಂದು, "ಅಕ್ಕಾ, ಎಲ್ಲ ಕೊರೋನಾದಿಂದ ಆಗಿದ್ದಲ್ವಾ?" ಎಂದು ಕೇಳಿದ. ಅರ್ಧ ಹೌದು ಅಂದೆ. ಉಳಿದರ್ಧವನ್ನು ಅವನಿಗೆ ಹೇಳುತ್ತ ಹೇಳುತ್ತ ನನಗೇ ಸಿಟ್ಟು ಬಂತು.

2018-19ರಲ್ಲಿ ಬಾರ್ಸಿಲೋನಾ ಆದಾಯ 84 ಕೋಟಿ ಯೂರೋ, ಜಗತ್ತಿನಲ್ಲೇ ಮೊದಲ ಸ್ಥಾನ. ಮರುವರ್ಷ 71.5 ಕೋಟಿ. ಆಗಲೂ ಕ್ಲಬ್ಬುಗಳ ಆದಾಯ ಲೆಕ್ಕಹಾಕುವ ಡೆಲಾಯ್ಟ್ ಸಂಸ್ಥೆಯ ಪಟ್ಟಿಯಲ್ಲಿ ಮೊದಲನೆಯದೇ! ಹತ್ತಿರ ಹತ್ತಿರ ಲಕ್ಷ ಸೀಟಿನ ಅವರ ಮೈದಾನ ಕ್ಯಾಂಪ್ ನೌ ಖಾಲಿ ಬಿತ್ತು, ಪ್ರವಾಸಿಗರು ಸಾಲುಗಟ್ಟುತ್ತಿದ್ದ ಮ್ಯೂಸಿಯಂ ಮುಚ್ಚಿತು. ಆ ನಷ್ಟ ಕೊರೋನಾದ್ದೇ, ಒಪ್ಪುತ್ತೇನೆ. ಆದರೆ 2017ರಲ್ಲಿ ನೇಮರ್‌ನನ್ನು 22.2 ಕೋಟಿ ಯೂರೋಗೆ ಮಾರಿದ ಮೇಲೆ ಡೆಂಬೆಲೆ, ಕುಟಿನ್ಯೊ, ಗ್ರೀಜ್‌ಮನ್ ಅಂತ ಒಬ್ಬೊಬ್ಬರಿಗೂ 10 ಕೋಟಿಗೂ ಮೇಲೆ ಸುರಿದದ್ದು ಕೊರೋನಾಕ್ಕೆ ಮೊದಲು. ಹೀಗೆ ಕೊಂಡ ಆಟಗಾರನ ಬೆಲೆಯನ್ನು ಆ ವರ್ಷವೇ ಪೂರ್ತಿ ಖರ್ಚು ಅಂತ ಬರೆಯುವುದಿಲ್ಲ, ಒಪ್ಪಂದದ ವರ್ಷಗಳಿಗೆ ಹಂಚುತ್ತಾರೆ. ಐದು ವರ್ಷದ ಒಪ್ಪಂದವಾದರೆ ವರ್ಷಕ್ಕೆ ಐದನೇ ಒಂದು ಪಾಲು. ಹಾಗಾಗಿ ಕೊಂಡ ವರ್ಷ ಪುಸ್ತಕ ಚೆನ್ನಾಗಿಯೇ ಕಾಣುತ್ತದೆ. ಆಟ ನಿಂತರೂ, ಟಿಕೆಟ್ ಹರಿಯದಿದ್ದರೂ ಆ ಪಾಲು ಪ್ರತಿವರ್ಷ ಬಂದು ಖರ್ಚಿನ ಕಡೆ ಕೂರುತ್ತದೆ. ಅದರ ಮೇಲೆ ಸಂಬಳ. ಮೆಸ್ಸಿಯ ನಾಲ್ಕು ವರ್ಷದ ಒಪ್ಪಂದವೇ 55.5 ಕೋಟಿ ಯೂರೋವರೆಗಿನದು ಎಂದು ಸ್ಪೇನಿನ ಪತ್ರಿಕೆಯೊಂದು ಈ ಜನವರಿಯಲ್ಲಿ ಬರೆದಿತ್ತು. ಕಳೆದ ವರ್ಷ ಲಾಕ್‌ಡೌನ್ ಹೊತ್ತಿಗೆ ಆಟಗಾರರು ಶೇ 70 ಸಂಬಳ ಬಿಡಲು ಒಪ್ಪಿದ್ದರು. ಅದು ಆ ತುರ್ತಿಗೆ ಸರಿಹೋಯಿತು, ಒಪ್ಪಂದಗಳ ಭಾರ ಮಾತ್ರ ಹಾಗೇ ಉಳಿಯಿತು.

ಈಗ ಸ್ಪೇನಿನ ಲೀಗ್ ಲಾ ಲಿಗಾದವರು ಸಿವಿಸಿ ಎಂಬ ಹೂಡಿಕೆ ಸಂಸ್ಥೆಯಿಂದ ದುಡ್ಡು ಎತ್ತಿ, 50 ವರ್ಷ ಟಿವಿ ಆದಾಯದಲ್ಲಿ ಪಾಲು ಕೊಡಲು ಹೊರಟಿದ್ದಾರೆ. ಹೋದ ಗುರುವಾರ ಹೆಚ್ಚಿನ ಕ್ಲಬ್ಬುಗಳು ಅದಕ್ಕೆ ಒಪ್ಪಿಗೆ ಕೊಟ್ಟವು. ಹೂಮಳೆ ಬೀಳುವ ಮೊದಲೇ ಬರುವ ವರ್ಷದ ಕಾಫಿಗೆ ವ್ಯಾಪಾರಿಯಿಂದ ಮುಂಗಡ ತರುವ ಎಷ್ಟು ಮನೆಗಳ ಲೆಕ್ಕ ನನ್ನ ಮೇಜಿನ ಮೇಲಿದೆ! ಒಂದು ಬೆಳೆಯ ಮುಂಗಡವೇ ಮನೆಯವರ ನಿದ್ದೆ ಕೆಡಿಸುತ್ತದೆ, ಇವರದು 50 ಬೆಳೆ. ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್ ಎರಡೂ ಬೇಡ ಅಂದಿವೆ. ಈ ಒಂದು ವಿಷಯದಲ್ಲಿ ನಾನು ಲಪೋರ್ಟಾ ಕಡೆ.

ಇಷ್ಟು ಸಾಲವಿದ್ದೂ ಬಾರ್ಸಿಲೋನಾ ಮುಚ್ಚಲಿಲ್ಲ, ಮೊನ್ನೆ ಭಾನುವಾರ ರಿಯಲ್ ಸೊಸಿಯೆದಾದ್ ಮೇಲೆ 4-2ರಿಂದ ಗೆದ್ದೂ ಆಯಿತು. ಮುಚ್ಚಿದ್ದು ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್ ಟೌನ್. 1874ರ ಕ್ಲಬ್ಬು. 2020ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಅದನ್ನು ವಿಸರ್ಜಿಸಿತು. ಸಾಲ 5 ಲಕ್ಷ ಪೌಂಡಿಗಿಂತ ತುಸು ಹೆಚ್ಚು, ಅಷ್ಟೇ. ಅಲ್ಲೂ ಆಡಳಿತ ಮೊದಲೇ ಹದಗೆಟ್ಟಿತ್ತು, ಆಟಗಾರರಿಗೆ ಸಂಬಳ ತಪ್ಪುತ್ತಿತ್ತು, ನಿಜ. ಆದರೂ ಈ ಎರಡು ಮೊತ್ತ ಅಕ್ಕಪಕ್ಕ ಬರೆದು ನೋಡಿದರೆ ಹೊಟ್ಟೆ ಉರಿಯುತ್ತದೆ. ದೊಡ್ಡ ಸಾಲಗಾರನಿಗೆ ಬ್ಯಾಂಕು ಇನ್ನೂ ಸಾಲ ಕೊಡುತ್ತದೆ, ಸಣ್ಣವನ ಬಾಗಿಲಿಗೆ ಕೋರ್ಟಿನ ಕಾಗದ ಬರುತ್ತದೆ.

ಸಣ್ಣ ಕ್ಲಬ್ಬಿಗೆ ಗೇಟ್ ಕಲೆಕ್ಷನ್ನೇ, ಅಂದರೆ ಟಿಕೆಟ್ ದುಡ್ಡೇ ಜೀವ. ಇಂಗ್ಲೆಂಡಿನ ಮೊದಲ ಹಂತದ ಪ್ರೀಮಿಯರ್ ಲೀಗಿನವರಿಗೆ ಟಿವಿ ದುಡ್ಡಿದೆ. 2020ರ ಜೂನ್ 17ರಂದು ಖಾಲಿ ಮೈದಾನದಲ್ಲಿ ಮತ್ತೆ ಆಟ ಶುರುಮಾಡಿ ಅದನ್ನು ಉಳಿಸಿಕೊಂಡರು. ಜರ್ಮನಿಯವರು ಇನ್ನೂ ಮೊದಲೇ, ಮೇ 16ಕ್ಕೇ ಇಳಿದಿದ್ದರು. ಇಂಗ್ಲೆಂಡಿನ ಮೂರು, ನಾಲ್ಕನೇ ಹಂತದ ಲೀಗ್ ಒನ್, ಲೀಗ್ ಟೂಗಳಿಗೆ ಜನರಿಲ್ಲದೆ ಆಡಿದರೆ ಖರ್ಚೇ ಹೆಚ್ಚು. ಅವರು ಸೀಸನ್ನನ್ನೇ ಅರ್ಧಕ್ಕೆ ಮುಗಿಸಿದರು. ಆ ಬೇಸಿಗೆಯಲ್ಲಿ ಪ್ರೀಮಿಯರ್ ಲೀಗ್ ಕ್ಲಬ್ಬುಗಳು ಹೊಸ ಆಟಗಾರರಿಗೆ 120 ಕೋಟಿ ಪೌಂಡಿಗೂ ಹೆಚ್ಚು ಖರ್ಚು ಮಾಡಿದವು. ಕೆಳಗಿನವರಿಗೆ 25 ಕೋಟಿಯ ನೆರವು ಅಂತ ಒಪ್ಪಿದ್ದು ಡಿಸೆಂಬರ್‌ನಲ್ಲಿ. ಅದರಲ್ಲಿ 20 ಕೋಟಿ ಎರಡನೇ ಹಂತದ ಕ್ಲಬ್ಬುಗಳಿಗೆ, ಅದೂ ಸಾಲ! ಲೀಗ್ ಒನ್, ಲೀಗ್ ಟೂ ಎರಡಕ್ಕೂ ಸೇರಿ ಬಂದದ್ದು 5 ಕೋಟಿ. ಲಾಭದಲ್ಲಿದ್ದ ಲಿವರ್‌ಪೂಲ್ ಕೂಡ 2020ರ ಏಪ್ರಿಲ್‌ನಲ್ಲಿ ಆಡದ ಸಿಬ್ಬಂದಿಯ ಸಂಬಳಕ್ಕೆ ಸರ್ಕಾರದ ದುಡ್ಡು ಕೇಳಲು ಹೊರಟಿತ್ತು. ಸ್ವಂತ ಅಭಿಮಾನಿಗಳೇ ತಿರುಗಿಬಿದ್ದರು. ಎರಡೇ ದಿನದಲ್ಲಿ ಕ್ಲಬ್ಬು ಕ್ಷಮೆ ಕೇಳಿ ಹಿಂದೆ ಸರಿಯಿತು. ಆ ಅಭಿಮಾನಿಗಳ ಬಗ್ಗೆ ನನಗೆ ತುಂಬ ಗೌರವ.

ಗೇಟ್ ನಿಂತರೆ ಏನಾಗುತ್ತದೆ ಎಂದು ನಮ್ಮೂರಿಗೂ ಗೊತ್ತು. ಮಲಬಾರಿನ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನರ ಫುಟ್‌ಬಾಲ್ ಆಡಲು ಹೋಗುತ್ತಿದ್ದ ನಮ್ಮ ಪರಿಚಯದ ಒಬ್ಬರು ಕಳೆದ ವರ್ಷದ ಮಾರ್ಚ್‌ನಿಂದ ತೋಟದ ಕೆಲಸಕ್ಕೆ ಹೋಗುತ್ತಿದ್ದಾರೆ. ಅಲ್ಲಿ ತಾತ್ಕಾಲಿಕ ಗ್ಯಾಲರಿ ಕಟ್ಟಿ, ಟಿಕೆಟ್ ಮಾರಿ, ಬಂದ ದುಡ್ಡಲ್ಲೇ ಆಟಗಾರರಿಗೆ ಮ್ಯಾಚಿಗಿಷ್ಟು ಅಂತ ಕೊಡುತ್ತಿದ್ದರು. ಆಫ್ರಿಕಾದಿಂದ ಆಡಲು ಬಂದಿದ್ದ ಹುಡುಗರು ವಿಮಾನವಿಲ್ಲದೆ ಕೇರಳದಲ್ಲೇ ಸಿಕ್ಕಿಬಿದ್ದರು. ಈಗಲೂ ಕೇರಳದ ಗಡಿ ಅಂತ ನಮ್ಮ ಜಿಲ್ಲೆಗೆ ವಾರಾಂತ್ಯ ಕರ್ಫ್ಯೂ, ಗಡಿಯ ಮಾಕುಟ್ಟದಲ್ಲಿ ಕೊರೋನಾ ಪರೀಕ್ಷೆಯ ಆರ್‌ಟಿಪಿಸಿಆರ್ ರಿಪೋರ್ಟ್ ತೋರಿಸದೆ ಬಿಡುವುದಿಲ್ಲ. ಸೆವೆನ್ಸ್ ಆಡುವವರಿಗೆ ಒಪ್ಪಂದವೂ ಇಲ್ಲ, ಕಾಯುವ ಸಂಘವೂ ಇಲ್ಲ. ಫುಟ್‌ಬಾಲ್ ನಷ್ಟದ ಯಾವ ಲೆಕ್ಕದಲ್ಲೂ ಅವರ ಹೆಸರು ಬರುವುದಿಲ್ಲ.

ನಮ್ಮ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನ ಕ್ಲಬ್ಬುಗಳ ಕತೆ ಬೇರೆ. ಹೋದ ಸೀಸನ್ನಿನ 115 ಪಂದ್ಯಗಳೂ ಗೋವಾದ ಮೂರು ಮೈದಾನಗಳಲ್ಲಿ ಪ್ರೇಕ್ಷಕರಿಲ್ಲದೆ ನಡೆದವು. ಅಲ್ಲಿ ನಷ್ಟ ತುಂಬುವುದು ಮಾಲೀಕರ ಜೇಬು, ನಮ್ಮ ಬೆಂಗಳೂರು ತಂಡಕ್ಕೆ ಜೆಎಸ್‌ಡಬ್ಲ್ಯೂ ಕಂಪನಿ ಇದ್ದ ಹಾಗೆ. ಮಾಲೀಕರಿಗೆ ಮನಸ್ಸಿರುವ ತನಕ ಚಿಂತೆಯಿಲ್ಲ. ನೂರು ವರ್ಷ ದಾಟಿದ ಕೋಲ್ಕತ್ತದ ಕ್ಲಬ್ಬು ಈಸ್ಟ್ ಬೆಂಗಾಲ್ ಈ ಹೊತ್ತಿಗೂ ಹೂಡಿಕೆದಾರರ ಜೊತೆ ಕಾಗದಕ್ಕೆ ಸಹಿ ಹಾಕುವ ಜಗಳದಲ್ಲಿದೆ. ಹೋದ ತಿಂಗಳು ಅದೇ ವಿಷಯಕ್ಕೆ ಅಭಿಮಾನಿಗಳು ಕ್ಲಬ್ಬಿನ ಮುಂದೆ ಲಾಠಿ ಏಟು ತಿಂದರು.

ನಾಳೆ ಮಾಲ್ಡೀವ್ಸ್‌ನಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಪಂದ್ಯ. ಬೆಂಗಳೂರಿಗೆ ಎದುರಾಳಿ ಎಟಿಕೆ ಮೋಹನ್ ಬಾಗಾನ್. ಪಕ್ಕದ ಮನೆಯ ಹುಡುಗನಿಗೆ ನಮ್ಮಲ್ಲೇ ಬಂದು ನೋಡು ಅಂದಿದ್ದೇನೆ. ಮಳೆಗೆ ಕರೆಂಟ್ ಹೋಗದಿದ್ದರೆ ಸಾಕು.