ಸೂಪರ್‌ಕಂಪ್ಯೂಟರಿನಲ್ಲೂ ನಮ್ಮ ಲಿನಕ್ಸೇನಾ?

ಸೂಪರ್‌ಕಂಪ್ಯೂಟರಿಗೆ ಯಾವ ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕ್ತಾರೆ ಎಂದು ಕೇಳಿದವರಿಗೆ ಒಂದೇ ಪದ ಸಾಕು: ಲಿನಕ್ಸ್. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ ಯಂತ್ರಗಳ ಟಾಪ್500 ಪಟ್ಟಿಯ ಐನೂರಕ್ಕೆ ಐನೂರೂ ಅದೇ. ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ಅಂದ್ರೆ ನನ್ನ ಲ್ಯಾಪ್‌ಟಾಪಿನಲ್ಲಿರೋದೇನಾ?" ಓಎಸ್ಸಿನ ತಿರುಳಾದ ಕರ್ನಲ್ ಅದೇ ಹೌದು. ಆದರೆ ಅಲ್ಲಿ ಓಎಸ್ ಎಷ್ಟು ಕಡಿಮೆ ಮೂಗು ತೂರಿಸಿದರೆ ಅಷ್ಟು ಒಳ್ಳೆಯದು.

ಯಾಕೆಂದು ಲೆಕ್ಕ ಹಾಕಿ. ಹವಾಮಾನ ಲೆಕ್ಕ ಹಾಕುವಂಥ ಪ್ರೋಗ್ರಾಂ ಸಾವಿರಾರು ನೋಡ್‌ಗಳಲ್ಲಿ ಒಟ್ಟಿಗೆ ಹೆಜ್ಜೆ ಹಾಕುತ್ತದೆ (ನೋಡ್ ಎಂದರೆ ಆ ಯಂತ್ರದೊಳಗಿನ ಒಂದೊಂದು ಕಂಪ್ಯೂಟರ್). ಪಂಕ್ತಿ ಊಟವಿದ್ದಂತೆ, ಕೊನೆಯವರು ಮಜ್ಜಿಗೆ ಮುಗಿಸುವ ತನಕ ಯಾರೂ ಏಳುವ ಹಾಗಿಲ್ಲ. ಒಂದು ಹೆಜ್ಜೆಗೆ 1 ಮಿಲಿಸೆಕೆಂಡ್ ಎನ್ನಿ. ಪ್ರತಿ ನೋಡಿನಲ್ಲೂ ಯಾವುದೋ ಡೀಮನ್ (ಹಿನ್ನೆಲೆಯಲ್ಲಿ ಓಡುವ ಓಎಸ್ಸಿನ ಪುಟ್ಟ ಪ್ರೋಗ್ರಾಂ) ಸೆಕೆಂಡಿಗೊಮ್ಮೆ ಎದ್ದು 1 ಮಿಲಿಸೆಕೆಂಡ್ ತಿಂದರೆ ಒಂದು ನೋಡಿಗೆ ನಷ್ಟ ಸಾವಿರಕ್ಕೊಂದು, ಅಷ್ಟೇ. ನೋಡ್ 1000 ಇದ್ದರೆ, ಡೀಮನ್‌ಗಳು ಬೇರೆಬೇರೆ ಹೊತ್ತಿಗೆ ಏಳುವುದರಿಂದ, ಅರ್ಧಕ್ಕಿಂತ ಹೆಚ್ಚು ಹೆಜ್ಜೆಗಳಲ್ಲಿ ಯಾರಾದರೊಬ್ಬರು ತಡ. 10,000 ಇದ್ದರೆ ಹೆಚ್ಚುಕಡಿಮೆ ಎಲ್ಲ ಹೆಜ್ಜೆಯೂ ತಡ, ವೇಗ ಅರ್ಧಕ್ಕಿಳಿಯುತ್ತದೆ. ಇದಕ್ಕೆ ಓಎಸ್ ನಾಯ್ಸ್ ಎಂದು ಹೆಸರು.

ಅಮೆರಿಕದ ಲಾಸ್ ಅಲಾಮೋಸಿನ ಆಸ್ಕಿ ಕ್ಯೂ ಯಂತ್ರದಲ್ಲಿ ಇದು ನಿಜವಾಗಿಯೇ ಆಯಿತು. 8192 ಪ್ರೊಸೆಸರ್, ಓಎಸ್ ಟ್ರೂ64 ಯುನಿಕ್ಸ್. ಸೇಜ್ ಎಂಬ ಪ್ರೋಗ್ರಾಂ ಲೆಕ್ಕ ಹಾಕಿದ್ದರ ಅರ್ಧ ವೇಗದಲ್ಲಷ್ಟೇ ಓಡುತ್ತಿತ್ತು. ವಿಚಿತ್ರವೆಂದರೆ, ಒಂದೊಂದು ನೋಡಿನ 4 ಪ್ರೊಸೆಸರ್‌ಗಳಲ್ಲಿ ಒಂದನ್ನು ಖಾಲಿ ಬಿಟ್ಟರೆ ವೇಗ ಹೆಚ್ಚುತ್ತಿತ್ತು! ಖಾಲಿ ಬಿಟ್ಟದ್ದರ ಮೇಲೆ ಡೀಮನ್‌ಗಳು ಓಡಾಡಿಕೊಂಡು ಉಳಿದ ಮೂರನ್ನು ಕೆಣಕುತ್ತಿರಲಿಲ್ಲ. 2003ರಲ್ಲಿ ಕಾರಣ ಪತ್ತೆಯಾದ ಮೇಲೆ ಬೇಡದ ಡೀಮನ್‌ಗಳನ್ನು ತೆಗೆದರು, ಬೇಕಾದವುಗಳಲ್ಲಿ ಕೆಲವನ್ನು 32 ನೋಡಿನ ಪ್ರತಿ ಗುಂಪಿನಲ್ಲಿ ಒಂದೇ ನೋಡಿಗೆ ಸರಿಸಿದರು. ಒಂದು ರೂಪಾಯಿಯ ಹೊಸ ಹಾರ್ಡ್‌ವೇರ್ ಇಲ್ಲದೆ ಸೇಜ್ ಸುಮಾರು ಎರಡು ಪಟ್ಟು ವೇಗವಾಯಿತು.

ಓಎಸ್ಸನ್ನು ದೂರ ಕೂರಿಸುವ ಉಪಾಯ ಹಳೆಯದು. 1964ರ ಸಿಡಿಸಿ 6600ರಲ್ಲಿ 10 ಪುಟ್ಟ ಪೆರಿಫೆರಲ್ ಪ್ರೊಸೆಸರ್‌ಗಳಿದ್ದವು. ಚಿಪ್ಪೆವಾ ಓಎಸ್ ಓಡುತ್ತಿದ್ದದ್ದು ಅವುಗಳಲ್ಲಿ, ಮುಖ್ಯ ಪ್ರೊಸೆಸರ್ ಲೆಕ್ಕಕ್ಕೆ ಮೀಸಲು. ಕ್ರೇ ಕಂಪನಿ ಮೊದಲು ತನ್ನದೇ ಸಿಒಎಸ್, 1980ರ ದಶಕದಲ್ಲಿ ಯುನಿಕ್ಸ್ ಆಧಾರಿತ ಯುನಿಕಾಸ್ ಕೊಟ್ಟಿತು. ಐಬಿಎಂನ ಬ್ಲೂ ಜೀನ್ ಎಲ್ (ಬೆಂಗಳೂರಿನ ಐಐಎಸ್‌ಸಿಯಲ್ಲೂ ಒಂದಿತ್ತು) ಇದನ್ನು ತುದಿಗೆ ಒಯ್ದಿತು. ಲೆಕ್ಕದ ನೋಡುಗಳಲ್ಲಿ ಸಿಎನ್‌ಕೆ ಎಂಬ ಪುಟಾಣಿ ಕರ್ನಲ್. ಮೆಮೊರಿಯನ್ನು ತುಣುಕು ತುಣುಕಾಗಿ ಬೇಕಾದಾಗ ತಂದುಕೊಳ್ಳುವ ಪೇಜಿಂಗ್ ಇಲ್ಲ, ಓಡುವ ಪ್ರೋಗ್ರಾಂ ಇನ್ನೊಂದನ್ನು ಹುಟ್ಟಿಸುವ ಫೋರ್ಕ್ ಇಲ್ಲ. ಫೈಲ್ ತೆರೆಯಬೇಕೆಂದರೂ ಕೋರಿಕೆ ಲಿನಕ್ಸ್ ಇರುವ ಐ/ಒ (ಇನ್‌ಪುಟ್-ಔಟ್‌ಪುಟ್) ನೋಡಿಗೆ ಹೋಗಬೇಕು. ನಾಯ್ಸ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಎಲ್ಲೋ ಬರೆದ ಪ್ರೋಗ್ರಾಂ ತಂದು ಹಾಕಿದರೆ ಥ್ರೆಡ್ (ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಎಳೆಗಳು) ಇಲ್ಲ, ಶೇರ್ಡ್ ಲೈಬ್ರರಿ (ಹಲವು ಪ್ರೋಗ್ರಾಂ ಹಂಚಿಕೊಳ್ಳುವ ಸಿದ್ಧ ಕೋಡ್) ಇಲ್ಲ ಎಂದು ಅಲ್ಲೇ ನಿಲ್ಲುತ್ತಿತ್ತು. ಲಿನಕ್ಸ್ ಗೆದ್ದದ್ದು ಇಲ್ಲೇ. ಜನರ ಕೋಡ್ ಹಾಗೇ ಓಡುತ್ತದೆ, ಸೋರ್ಸ್ ಕೈಯಲ್ಲಿರುವುದರಿಂದ ಬೇಡದ್ದನ್ನು ಕಿತ್ತುಹಾಕಬಹುದು, ನೋಡ್ ಲೆಕ್ಕದಲ್ಲಿ ಲೈಸೆನ್ಸ್ ಕಟ್ಟಬೇಕಿಲ್ಲ.

ಲ್ಯಾಪ್‌ಟಾಪಿನ ಅಭ್ಯಾಸದಿಂದ ಬಂದವರು ಎಡವುವುದು ಸಾಮಾನ್ಯವಾಗಿ ಮೆಮೊರಿಯಲ್ಲಿ. ಲೆಕ್ಕದ ನೋಡುಗಳಲ್ಲಿ ಅನೇಕ ಕಡೆ ಡಿಸ್ಕೇ ಇರುವುದಿಲ್ಲ; ಓಎಸ್ ಇಮೇಜ್ (ಓಎಸ್ಸಿನ ಸಿದ್ಧ ಪ್ರತಿ) ನೆಟ್‌ವರ್ಕಿನಿಂದ ಬಂದು ರ್‍ಯಾಮಿನಲ್ಲೇ ಕೂರುತ್ತದೆ. ಇಮೇಜಿಗೆ 1 ಜಿಬಿ ಸೇರಿಸಿದರೆ ಪ್ರತಿ ನೋಡಿನಲ್ಲೂ 1 ಜಿಬಿ ಹೋಯಿತು. ಮೆಮೊರಿ ಸಾಲದಾಗ ಡಿಸ್ಕಿನ ಜಾಗ ಬಳಸುವ ಸ್ವಾಪ್ ಇಲ್ಲ. ಹಾಗಾಗಿ ಮೆಮೊರಿ ಮೀರಿದ ಜಾಬ್ (ಓಡಿಸಲು ಕೊಟ್ಟ ಕೆಲಸ) ನಿಧಾನವಾಗುವುದಿಲ್ಲ, ನೇರವಾಗಿ ಸಾಯುತ್ತದೆ.

ಇನ್ನೊಂದು, ಕೋರ್‌ಗಳ ಎಣಿಕೆ. ಜಪಾನಿನ ಫುಗಾಕುವಿನ ಚಿಪ್ಪಿನಲ್ಲಿ ಲೆಕ್ಕಕ್ಕೆ 48 ಕೋರ್. ಓಎಸ್ ಕೆಲಸಕ್ಕೆಂದೇ ಪಕ್ಕದಲ್ಲಿ 2 ಅಥವಾ 4 ಸಹಾಯಕ ಕೋರ್. ಅಮೆರಿಕದ ಫ್ರಾಂಟಿಯರಿನಲ್ಲಿ ನೋಡಿಗೆ 64 ಕೋರ್ ಇದ್ದರೂ ಮಾಮೂಲಿಗೆ ಸಿಗುವುದು 56. ಎಂಟನ್ನು ಜಾಬ್ ಹಂಚುವ ಸ್ಲರ್ಮ್ ಎಂಬ ಪ್ರೋಗ್ರಾಂ ಓಎಸ್ಸಿಗೆ ಎತ್ತಿಡುತ್ತದೆ. ಜಾಬ್ ಸ್ಕ್ರಿಪ್ಟಿನಲ್ಲಿ ಓಎಸ್ಸಿಗೆ ಎಷ್ಟು ಕೋರ್ ಎತ್ತಿಡಬೇಕೆಂದು ಹೇಳುವ ದೊಡ್ಡಕ್ಷರದ ಎಸ್ (-S) ಆಯ್ಕೆಗೆ 0 ಕೊಟ್ಟು 64ನ್ನೂ ಕೇಳಬಹುದು. ನೂರಾರು ನೋಡಿನ ಜಾಬ್ ಆದರೆ ಎರಡೂ ರೀತಿ ಓಡಿಸಿ ಸಮಯ ಹೋಲಿಸಿದ ಮೇಲೆಯೇ ಆ 0 ಬರೆಯಿರಿ.