ವೋ-ಲೆ-ವಿಕೋಂತ್: ಮೆಟ್ಟಿಲಿಂದ ಕಾಣದ ಕಾಲುವೆ

ಮನೆ ಪ್ಲಾನ್ ಬರೆಯುವುದು ನನ್ನ ಕೆಲಸ. ಹಾಗಾಗಿ ಪ್ಯಾರಿಸ್‌ನಿಂದ ಸುಮಾರು 55 ಕಿಲೋಮೀಟರ್ ದೂರದ ವೋ-ಲೆ-ವಿಕೋಂತ್ ಎಂಬ ಹಳೆಯ ಅರಮನೆ ನೋಡಲು ಹೋದಾಗ, ಒಳಗಿನ ಚಿನ್ನದ ಬಣ್ಣಕ್ಕಿಂತ ಹೊರಗಿನ ನೆಲದ ಲೆವೆಲ್ಲೇ ನನ್ನನ್ನು ಹಿಡಿದು ನಿಲ್ಲಿಸಿತು.

ಇದನ್ನು ಕಟ್ಟಿಸಿದವನು ಫ್ರಾನ್ಸ್‌ನ ರಾಜ ಹದಿನಾಲ್ಕನೇ ಲೂಯಿಯ ಹಣಕಾಸು ಮಂತ್ರಿ ನಿಕೊಲಾ ಫೂಕೆ. ಕಟ್ಟಡ ಲೂಯಿ ಲ ವೋನದ್ದು, ಒಳಗಿನ ಚಿತ್ರಗಳು ಶಾರ್ಲ್ ಲ ಬ್ರೂನನದ್ದು, ತೋಟ ಆಂದ್ರೆ ಲ ನೋತ್ರನದ್ದು. ಮುಂಬಾಗಿಲಲ್ಲಿ ನಿಂತರೆ ಸಾಕು, ಮೊಟ್ಟೆಯಾಕಾರದ ದೊಡ್ಡ ಹಾಲ್ ದಾಟಿ ಕಣ್ಣು ನೇರ ತೋಟಕ್ಕೇ ಹೋಗುತ್ತದೆ.

ಹಿಂಬದಿಯ ಮೆಟ್ಟಿಲಿಂದ ಇಡೀ ತೋಟ ಒಂದೇ ನೋಟಕ್ಕೆ ಸಿಕ್ಕಂತೆ ಅನಿಸುತ್ತದೆ. ಕೊನೆಯಲ್ಲಿ ಚೌಕದ ಕೊಳ, ಅದರ ಅಂಚಿಗೇ ಅಂಟಿದ ಹಾಗೆ ಕಲ್ಲಿನ ಗುಹೆಗಳ ಗೋಡೆ. ನಡೆದು ಹೋದರೆ ಕಥೆಯೇ ಬೇರೆ! ಕೊಳ ಮುಗಿದ ಮೇಲೆ ನೆಲ ಇಳಿಯುತ್ತದೆ, ಕೆಳಗೆ ಅಡ್ಡಲಾಗಿ ಉದ್ದದ ದೊಡ್ಡ ಕಾಲುವೆ. ಗುಹೆಗಳಿರುವುದು ಅದರ ಆಚೆ ದಡದಲ್ಲಿ. ದೂರ ಹೋದಂತೆ ಚಿಕ್ಕದಾಗಿ ಕಾಣಬಾರದು ಅಂತ ದೂರದ ಕೊಳಗಳನ್ನು ಬೇಕಂತಲೇ ದೊಡ್ಡದಾಗಿ ಮಾಡಿದ್ದಾನೆ ಲ ನೋತ್ರ್. ಇಳಿಜಾರನ್ನು ಇಷ್ಟು ಚೆನ್ನಾಗಿ ಬಳಸಿಕೊಂಡ ಬೇರೆ ಕೆಲಸ ನಾನು ಕಂಡಿಲ್ಲ.

1661ರ ಆಗಸ್ಟ್ 17ರಂದು ಫೂಕೆ ಇಲ್ಲಿ ರಾಜನಿಗೆ ಭಾರಿ ಔತಣ ಕೊಟ್ಟ. ಮೋಲಿಯೇರನ ಹೊಸ ನಾಟಕ, ಪಟಾಕಿ, ಎಲ್ಲ ಇತ್ತು. ಸೆಪ್ಟೆಂಬರ್ 5ಕ್ಕೆ ಫೂಕೆಯ ಬಂಧನವೇ ಆಯಿತು. ರಾಜ ಹೊಟ್ಟೆಕಿಚ್ಚುಪಟ್ಟ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಫೂಕೆಯನ್ನು ಕೆಳಗಿಳಿಸುವ ತಯಾರಿ ಔತಣಕ್ಕೂ ಮೊದಲೇ ನಡೆದಿತ್ತು. ನ್ಯಾಯಾಲಯ ಗಡಿಪಾರು ಅಂದರೆ, ರಾಜ ಅದನ್ನು ಜೀವಾವಧಿ ಸೆರೆ ಮಾಡಿದ. 1680ರಲ್ಲಿ ಪಿನ್ಯರೋಲ್ ಕೋಟೆಯಲ್ಲೇ ಫೂಕೆ ತೀರಿಕೊಂಡ. ಲ ವೋ, ಲ ಬ್ರೂನ್, ಲ ನೋತ್ರ್ ಮೂವರೂ ರಾಜನ ವರ್ಸೇಲ್ಸ್ ಅರಮನೆಯ ಕೆಲಸಕ್ಕೆ ಹೋದರು. ದೊಡ್ಡ ಹಾಲಿನ ಗುಮ್ಮಟಕ್ಕೆ ಲ ಬ್ರೂನ್ ಅಂದುಕೊಂಡಿದ್ದ ಸೂರ್ಯನ ಅರಮನೆಯ ಚಿತ್ರ ಅಲ್ಲಿಗೇ ನಿಂತಿತು. ಕೆಳಗೆ ಸುತ್ತಲೂ ನಿಂತ ಹದಿನಾರು ಶಿಲ್ಪಗಳು, ಹನ್ನೆರಡು ರಾಶಿ ಮತ್ತು ನಾಲ್ಕು ಋತುಗಳು, ಆ ಚಿತ್ರಕ್ಕಾಗಿಯೇ ಇದ್ದವು. ನೋಡಿದರೆ ಹೊಟ್ಟೆ ಉರಿಯುತ್ತದೆ.

1875ರಲ್ಲಿ ಸಕ್ಕರೆ ಉದ್ಯಮಿ ಆಲ್ಫ್ರೆಡ್ ಸೊಮ್ಮಿಯೇ ಹಾಳುಬಿದ್ದ ಈ ಜಾಗವನ್ನು ಹರಾಜಿನಲ್ಲಿ ಕೊಂಡ. ತೋಟ ಇವತ್ತು ಉಳಿದಿದ್ದರೆ ಅವನಿಂದಲೇ. ತುದಿಯ ಗುಡ್ಡದ ಮೇಲೆ ಬಂಗಾರದ ಲೇಪದ ಹರ್ಕ್ಯುಲಿಸ್ ಪ್ರತಿಮೆ ನಿಲ್ಲಿಸಿದ್ದೂ ಅವನ ಕಾಲದಲ್ಲೇ.

ಹೋಗುವವರು ದಯವಿಟ್ಟು ಆ ಹರ್ಕ್ಯುಲಿಸ್ ತನಕ ನಡೆಯಿರಿ. ಮೆಟ್ಟಿಲ ಮೇಲೆ ಫೋಟೋ ತೆಗೆದುಕೊಂಡು ವಾಪಸ್ ಬರುವವರೇ ಜಾಸ್ತಿ, ಅವರಿಗೆ ಕಾಲುವೆ ಕಾಣುವುದೇ ಇಲ್ಲ.