ಮಂಡಕಳ್ಳಿ ದಾಟುವಾಗ

ಭಾನುವಾರ ಭಾವನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಮೈಸೂರಿನಿಂದ ನಂಜನಗೂಡಿಗೆ ಹೊರಟಿದ್ದೆ. ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಪುಟ್ಟ ವಿಮಾನವೊಂದು ಇಳಿಯಿತು. "ಇಲ್ಲಿಗೆ ದೊಡ್ಡ ಜೆಟ್ ಯಾಕೆ ಬರಲ್ಲ?" ಅಂದರು. ರನ್‌ವೇ ಬರೀ 1,740 ಮೀಟರ್ ಭಾವ, ಅಂದೆ.

ಹೇಳುವಾಗಲೇ ಮಂಗಳೂರಿನ ವಿಮಾನ ದುರಂತ ನೆನಪಾಯಿತು. 2010ರ ಮೇ 22, ಶನಿವಾರ ಬೆಳಿಗ್ಗೆ. ಟಿವಿ ಮುಂದೆ ನನ್ನ ಕಾಫಿ ಆರಿಹೋಗಿತ್ತು. ದುಬೈನಿಂದ ಬಂದ ಬೋಯಿಂಗ್ 737ರಲ್ಲಿ 166 ಜನ. ಬದುಕುಳಿದವರು 8. ಅಲ್ಲಿನ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಉದ್ದ 2,450 ಮೀಟರ್, ಕಮ್ಮಿಯೇನಲ್ಲ. ಆದರೆ ವಿಮಾನ ತೀರಾ ಎತ್ತರದಲ್ಲಿ ಬಂದು, ಸುಮಾರು 1,580 ಮೀಟರ್ ದಾಟಿದ ಮೇಲೆ ನೆಲ ಮುಟ್ಟಿತು. ಮಿಕ್ಕ ಜಾಗದಲ್ಲಿ ನಿಲ್ಲಿಸೋದು ಕಷ್ಟ ಅಲ್ವಾ? ವೇಗ ತಗ್ಗಿಸಲು ಶುರುಮಾಡಿ, ಆಮೇಲೆ ಮತ್ತೆ ಹಾರಿಸಲು ನೋಡಿದರು. ಕಂದಕಕ್ಕೆ ಬಿತ್ತು.

ನನ್ನನ್ನು ಜಾಸ್ತಿ ಕಾಡೋದು ಸಹ ಪೈಲಟ್. ಇಳಿಸೋದು ಬೇಡ, ವಾಪಸ್ ಮೇಲೆ ಹೋಗೋಣ ಅಂತ ಮೂರು ಸಲ ಹೇಳಿದ್ದರು. ತನಿಖೆಯಲ್ಲೇ ಬಂದ ಮಾತು. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಮೀರಿ ನಿದ್ದೆ ಮಾಡಿದ್ದರು.

ಭಾವ ಮಾತಾಡಲಿಲ್ಲ. ಕಡಕೊಳ ಬಂದಾಗ, "ಸ್ವಲ್ಪ ನಿಧಾನಕ್ಕೆ ಹೋಗಪ್ಪ" ಅಂದರು.